ರಟ್ಟಿನ ಪೆಟ್ಟಿಗೆಗಳ ಪುಣ್ಯ

ಒಮ್ಮೆ ಗಣಕಯಂತ್ರಕ್ಕೆ ಸೇರಿದ್ದು ಅಲ್ಲಿ ಭದ್ರವಾಗಿಯೇ ಇರುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆ ನಂಬಿಕೆಗೆ ಪೆಟ್ಟು ಬಿದ್ದ ಸಂಗತಿಯೊಂದು 2006ರ ಜುಲೈ ತಿಂಗಳಲ್ಲಿ ಅಮೆರಿಕದ ಅಲಾಸ್ಕ ಸಂಸ್ಥಾನದಲ್ಲಿ ನಡೆಯಿತು.

ಅಲಾಸ್ಕದ ನೆಲದಲ್ಲಿ ಎಣ್ಣೆಯುಂಟು. ಎಣ್ಣೆ ತೀರಿದ ಮೇಲೂ ಮುಂದಿನವರಿಗೆ ಏನಾದರೂ ಉಳಿಯಬೇಕೆಂದು ಅಲ್ಲಿನ ಜನ 1976ರಲ್ಲಿ ತಮ್ಮ ಸಂವಿಧಾನವನ್ನೇ ತಿದ್ದಿ ಒಂದು ಶಾಶ್ವತ ನಿಧಿಯನ್ನು ಸ್ಥಾಪಿಸಿಕೊಂಡರು. ಅದರ ಗಳಿಕೆಯ ಒಂದು ಪಾಲನ್ನು 1982ರಿಂದ ನಿವಾಸಿಗಳಿಗೆ, ಎಳೆಯ ಮಕ್ಕಳನ್ನೂ ಬಿಡದೆ, ಹಂಚುತ್ತ ಬಂದಿದ್ದಾರೆ. ಪಾಲು ಬೇಕಾದವರು ವರ್ಷವರ್ಷವೂ ಅರ್ಜಿ ಹಾಕಬೇಕು. ತಾವು ಅಲ್ಲಿನವರೇ ಎಂಬುದಕ್ಕೆ ರುಜುವಾತು ಒದಗಿಸಬೇಕು.

ಅಂಚೆಯಲ್ಲೂ ಕೈಯಲ್ಲೂ ಬಂದ ಆ ವರ್ಷದ ಅರ್ಜಿಗಳು, ಜನನಪತ್ರ ಮೊದಲಾದ ದಾಖಲೆಗಳೊಡನೆ, ಸ್ಕ್ಯಾನ್ ಆಗಿ ಕಂದಾಯ ಇಲಾಖೆಯ ಡಿಸ್ಕನ್ನು ಸೇರಿದ್ದವು. ಒಟ್ಟು ಸುಮಾರು 8 ಲಕ್ಷ ಚಿತ್ರಗಳು. ವಾಡಿಕೆಯ ನಿರ್ವಹಣೆಯಲ್ಲಿ ತೊಡಗಿದ್ದ ತಂತ್ರಜ್ಞರೊಬ್ಬರು ಕೈತಪ್ಪಿ ಅದನ್ನು ಫಾರ್ಮ್ಯಾಟ್ ಮಾಡಿಬಿಟ್ಟರು. ಅದು ಸಾಲದೆಂಬಂತೆ, ಆಪತ್ತಿಗೆಂದು ಇರಿಸಿದ್ದ ಎರಡನೆಯ ಡಿಸ್ಕಿಗೂ ಅದೇ ಗತಿಯಾಯಿತು. ಮೂರನೆಯ ಕಾವಲಾಗಿ ಟೇಪುಗಳಿದ್ದವು. ತೆಗೆದು ನೋಡಿದರೆ, ಓದಲು ಬಾರದು!

ಫಾರ್ಮ್ಯಾಟ್ ಎಂದರೆ ಎಲ್ಲವೂ ಸುಟ್ಟು ಬೂದಿಯಾಯಿತೆಂದಲ್ಲ. ಎಷ್ಟೋ ವೇಳೆ ಅದು ಪುಸ್ತಕಭಂಡಾರದ ಸೂಚಿಯನ್ನು ಹರಿದೆಸೆದಂತೆ: ಪುಸ್ತಕಗಳು ಕಪಾಟಿನಲ್ಲೇ ಇರುತ್ತವೆ, ಯಾವುದು ಎಲ್ಲಿದೆಯೆಂಬುದು ಮಾತ್ರ ತಿಳಿಯದು. ಆ ಜಾಗದಲ್ಲಿ ಹೊಸ ಬರಹ ಕೂರುವ ಮುನ್ನ ಹುಡುಕಿದರೆ ಹಳೆಯದು ಸಿಕ್ಕೀತು. ಪೀಟರ್ ನಾರ್ಟನ್ ಎಂಬಾತ 1982ರಲ್ಲಿ ಅಳಿಸಿದ ಕಡತಗಳನ್ನು ಮರಳಿಸುವ ಸಾಧನವನ್ನು ತಂದು ಹೆಸರಾದದ್ದೂ ಇಂಥ ಮರ್ಮದ ಬಲದಿಂದಲೇ. 1991ರಲ್ಲಿ ಬಂದ ಮೈಕ್ರೋಸಾಫ್ಟಿನ ಡಾಸ್ ವ್ಯವಸ್ಥೆಯ ಐದನೆಯ ಆವೃತ್ತಿಯಲ್ಲಿ ‘ಅನ್‌ಫಾರ್ಮ್ಯಾಟ್’ ಎಂಬ ಆಜ್ಞೆಯೇ ಸೇರಿತ್ತು.

ಅಲಾಸ್ಕದವರಿಗೆ ಮಾತ್ರ ಈ ಭಾಗ್ಯ ಕೂಡಿಬರಲಿಲ್ಲ. ಮೈಕ್ರೋಸಾಫ್ಟ್, ಡೆಲ್ ಕಂಪೆನಿಗಳ ತಜ್ಞರು ಹೆಣಗಿದರೂ ಚಿತ್ರಗಳು ಮರಳಲಿಲ್ಲ. ಹಂಚಿಕೆಯ ತಿಂಗಳಾದ ಅಕ್ಟೋಬರ್ ಸಮೀಪಿಸುತ್ತಿತ್ತು. ಲಕ್ಷಾಂತರ ಜನ ತಮ್ಮ ಹಣಕ್ಕಾಗಿ ಎದುರುನೋಡುತ್ತಿದ್ದರು. ಆಗ ಕೈಹಿಡಿದದ್ದು 300ಕ್ಕೂ ಹೆಚ್ಚು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದ ಮೂಲ ಕಾಗದಗಳು. ಸುಮಾರು 70 ಮಂದಿ ಹೊತ್ತು ಮೀರಿ, ವಾರದ ರಜೆಯಲ್ಲೂ ದುಡಿದು, ಆಗಸ್ಟ್ ಮುಗಿಯುವುದರೊಳಗೆ ಎಲ್ಲವನ್ನೂ ಮತ್ತೆ ಯಂತ್ರಕ್ಕೆ ಉಣಿಸಿದರು. ವೆಚ್ಚ 2 ಲಕ್ಷ ಡಾಲರನ್ನು ಮೀರಿತು. ಆ ವರ್ಷದ ಪಾಲು ತಲೆಗೆ 1,106 ಡಾಲರ್ 96 ಸೆಂಟ್.

ಕೈತಪ್ಪು ಯಾರಿಗೂ ಆದೀತು. ವಿಚಾರ ಮಾಡಬೇಕಾದದ್ದು ಟೇಪುಗಳ ವಿಷಯ. ಅವು ನಿರುಪಯುಕ್ತವೆಂಬುದು ಬಯಲಾದದ್ದು ಆಪತ್ತು ಬಂದ ಮೇಲೆ. ಪ್ರತಿಯಿದೆ ಎಂಬುದು ಒಂದು ಮಾತು. ಅದು ಓದಲು ಬರುತ್ತದೆಂಬುದು ಬೇರೆಯೇ ಮಾತು. ಅಲಾಸ್ಕದ ಇಲಾಖೆ ಆಮೇಲೆ ಪ್ರತಿಗಳನ್ನು ಆಗಾಗ ಪರೀಕ್ಷಿಸುವ ಕ್ರಮವನ್ನು ಜಾರಿಗೆ ತಂದಿತು. ಸ್ಕ್ಯಾನ್ ಆದೊಡನೆ ಹಳೆಯ ಕಾಗದಗಳನ್ನು ತೂಕಕ್ಕೆ ಹಾಕಲು ಆತುರಪಡುವ ಕಚೇರಿಗಳೂ ಮನೆಗಳೂ ಆ ರಟ್ಟಿನ ಪೆಟ್ಟಿಗೆಗಳನ್ನು ಒಮ್ಮೆ ನೆನೆಯುವುದು ಒಳ್ಳೆಯದು.