ಯಾರೂ ಮುಟ್ಟದ ಕಂಪೈಲರ್

ಕಂಪ್ಯೂಟರಿಗೆ ಕೆಲಸ ಹೇಳುವ ರೀತಿಯನ್ನೇ ಬದಲಿಸಹೊರಟವರು ಗ್ರೇಸ್ ಹಾಪರ್ ಎಂಬ ಅಮೆರಿಕದ ಗಣಿತಜ್ಞೆ. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಯುದ್ಧಕಾಲದಲ್ಲಿ ನೌಕಾಪಡೆ ಸೇರಿ, ಹಾರ್ವರ್ಡ್‌ನ ಭಾರಿ ಯಂತ್ರದ ಮುಂದೆ ಪಳಗಿದ ಹೆಂಗಸು.

ಆಗ ಪ್ರೋಗ್ರಾಂ ಎಂದರೆ ಬರೀ ಸಂಕೇತಗಳ ಸಾಲು. ಒಮ್ಮೆ ಸರಿಬಂದ ತುಣುಕನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಬೇಕಾದಾಗ ನಕಲು ಮಾಡಿಕೊಳ್ಳುತ್ತಿದ್ದರು. ನಾವು ಅತ್ತೆಯ ಪುಸ್ತಕದಿಂದ ಸಾರಿನಪುಡಿಯ ಅಳತೆ ಇಳಿಸಿಕೊಳ್ಳುತ್ತೇವಲ್ಲ, ಹಾಗೆ. ಆದರೆ ತುಣುಕಿನ ಜಾಗ ಬದಲಾದರೆ ಅದರೊಳಗಿನ ಅಂಕಿಗಳನ್ನೆಲ್ಲ ಮತ್ತೆ ಕೂಡಿ ಬರೆಯಬೇಕು. ಅವಸರದ ಕೈಬರಹದಲ್ಲಿ ಇಂಗ್ಲಿಷಿನ ಬಿ ಅಕ್ಷರ 13 ಆಗಿಬಿಡುತ್ತಿತ್ತು! ನಕಲು ಮಾಡುವುದೂ ಕೂಡುವುದೂ ಯಂತ್ರಕ್ಕೇ ಚೆನ್ನಾಗಿ ಬರುವಾಗ ಮನುಷ್ಯರೇಕೆ ಒದ್ದಾಡಬೇಕು ಎಂದುಕೊಂಡ ಹಾಪರ್, ತುಣುಕುಗಳನ್ನು ಟೇಪಿನಲ್ಲಿ ಇರಿಸಿ ಒಂದೊಂದಕ್ಕೂ ಒಂದು ಗುರುತು ಕೊಟ್ಟರು. ಗುರುತು ಹೇಳಿದರೆ ಯಂತ್ರವೇ ಹುಡುಕಿ ಜೋಡಿಸುತ್ತಿತ್ತು. 1952ರ ಈ ಸಾಧನಕ್ಕೆ ಎ-0 ಎಂದು ಹೆಸರು. ಅವರು ಅದನ್ನು ಕರೆದದ್ದು ಕಂಪೈಲರ್ ಎಂದು.

ಆದರೆ ಅದನ್ನು ಯಾರೂ ಮುಟ್ಟಲಿಲ್ಲ. ಕಂಪ್ಯೂಟರಿಗೆ ಲೆಕ್ಕ ಮಾಡಲಷ್ಟೇ ಗೊತ್ತು, ಪ್ರೋಗ್ರಾಂ ಬರೆಯಲು ಬಾರದು ಎಂದರು. ಆ ಪ್ರೋಗ್ರಾಮರುಗಳನ್ನು ಬರೀ ಹಟಮಾರಿಗಳೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಾಪರ್ ಬಳಸುತ್ತಿದ್ದ ಯೂನಿವ್ಯಾಕ್ ಯಂತ್ರದ ನೆನಪಿನಲ್ಲಿ ಹಿಡಿಯುತ್ತಿದ್ದುದು 1000 ಪದಗಳಷ್ಟೇ. ಯಂತ್ರದ ಒಂದೊಂದು ನಿಮಿಷಕ್ಕೂ ದುಬಾರಿ ಬೆಲೆ. ಇಕ್ಕಟ್ಟಿನಲ್ಲಿ ಸಂಸಾರ ತೂಗಿಸಿದವರಿಗೆ ಹೊಸಬರ ಧಾರಾಳ ಕಂಡರೆ ಸಿಟ್ಟು ಬರುವುದು ಸಹಜ. ಆದರೆ ಅದರ ಕೆಳಗೆ ಇನ್ನೊಂದು ಭಯವೂ ಇತ್ತು: ತಮಗೊಬ್ಬರಿಗೇ ತಿಳಿದ ವಿದ್ಯೆ ಎಲ್ಲರ ಕೈಗೂ ಸಿಕ್ಕಿದರೆ ತಮ್ಮ ಗತಿ? ಫೋರ್ಟ್ರಾನ್ ಭಾಷೆಯನ್ನು ರೂಪಿಸಿದ ಜಾನ್ ಬ್ಯಾಕಸ್, ಆ ಕಾಲದ ಪ್ರೋಗ್ರಾಮರುಗಳನ್ನು ರಹಸ್ಯ ಕಾಯುವ ಪುರೋಹಿತರಿಗೆ ಹೋಲಿಸಿದ್ದುಂಟು. 1957ರಲ್ಲಿ ಐಬಿಎಂ ಕಂಪನಿಯಿಂದ ಹೊರಬಂದ ಅವರ ಫೋರ್ಟ್ರಾನ್, ಕೈಯಲ್ಲಿ ಬರೆದದ್ದಕ್ಕೆ ಹೆಚ್ಚುಕಡಿಮೆ ಸಮನಾಗಿ ಓಡಿದಾಗಲೇ ದುಬಾರಿಯ ವಾದ ಸಡಿಲವಾದದ್ದು. ಆ ತಂಡದಲ್ಲಿ ಲೋಯಿಸ್ ಹೈಬ್ಟ್ ಎಂಬ ಯುವತಿಯೂ ಇದ್ದಳು.

ಇಷ್ಟರೊಳಗೆ ಹಾಪರ್ ಇನ್ನೂ ಮುಂದೆ ಹೋಗಿದ್ದರು. ಸಂಕೇತಗಳೂ ಬೇಡ, ಇಂಗ್ಲಿಷ್ ಮಾತುಗಳಲ್ಲೇ ಹೇಳಿದರೆ ಸಾಕೆಂದು ಒಂದು ಪುಟ್ಟ ಪ್ರೋಗ್ರಾಂ ತೋರಿಸಿದರು. ಜೊತೆಗೆ ಅದನ್ನೇ ಫ್ರೆಂಚಿನಲ್ಲೂ ಜರ್ಮನ್‌ನಲ್ಲೂ ನಡೆಸಿದರು. ಯಂತ್ರಕ್ಕೆ ಎಲ್ಲ ಪದಗಳೂ ಒಂದೇ. ಕಂಪನಿಯ ದೊಡ್ಡವರು ಮಾತ್ರ ಬೆಚ್ಚಿಬಿದ್ದರು. ಅಮೆರಿಕದಲ್ಲಿ ತಯಾರಾದ ಕಂಪ್ಯೂಟರಿಗೆ ಫ್ರೆಂಚ್ ಅರ್ಥವಾಗುವುದುಂಟೇ! ಇಂಗ್ಲಿಷಿನ ಹೊರತು ಬೇರೆ ಭಾಷೆ ಬಳಸುವುದಿಲ್ಲವೆಂದು ಅವರನ್ನು ನಂಬಿಸಲು ಹಾಪರ್‌ಗೆ ಮತ್ತೆ ನಾಲ್ಕು ತಿಂಗಳು ಹಿಡಿಯಿತಂತೆ.