ಗುಲಾಬಿ ಪ್ರೈಮರಿನ ಹಿಂದಿನ ಸೀಸ

ಮುಂಬಯಿಯ ಹಳೆಯ ಚಾಳುಗಳಲ್ಲಿ ಮಳೆಗೆ ಮುಂಚೆ ಕಿಟಕಿಗೆ ಬಣ್ಣ ಹೊಡೆಸುವವರು ಇನ್ನೂ ಇದ್ದಾರೆ. (ಅಲ್ಯೂಮಿನಿಯಂ ಕಿಟಕಿಯ ಫ್ಲ್ಯಾಟಿನಲ್ಲಿರುವವರು ಅಜ್ಜಿಯ ಮನೆಯನ್ನು ನೆನೆಸಿಕೊಳ್ಳಬಹುದು.) ಮೇಲೆ ಹಸಿರು ಬರಲಿ, ಕಂದು ಬರಲಿ, ಕೆಳಗೆ ಮರಕ್ಕೆ ಬಳಿಯುವ ಪ್ರೈಮರ್ ಎಷ್ಟೋ ಸಲ ಮಾಸಲು ಗುಲಾಬಿ. ಗುಲಾಬಿಯೇ ಏಕೆ?

ಅದು ಬ್ರಿಟನ್ನಿನ ಹಳೆಯ ಪಾಕದ ನೆನಪು. ಅಗಸೆ ಎಣ್ಣೆಯಲ್ಲಿ ಸೀಸದ ಬಿಳಿಯನ್ನು ಅರೆದು, ಬೇಗ ಒಣಗಲೆಂದು ಒಂದಿಷ್ಟು ಕೆಂಪು ಸೀಸ ಬೆರೆಸುತ್ತಿದ್ದರು. ಬಿಳಿಗೆ ಕೆಂಪು ಬಿದ್ದರೆ ಗುಲಾಬಿ, ಅಷ್ಟೇ. ಆ ಬಿಳಿ ತಯಾರಾಗುತ್ತಿದ್ದ ರೀತಿಯೂ ವಿಚಿತ್ರ: ಸೀಸದ ಸುರುಳಿಗಳನ್ನು ವಿನೆಗರ್ ಇರುವ ಮಡಕೆಗಳಲ್ಲಿಟ್ಟು, ಕುದುರೆ ಲದ್ದಿಯಲ್ಲಿ ತಿಂಗಳುಗಟ್ಟಲೆ ಹೂತಿಡುತ್ತಿದ್ದರು. ಲದ್ದಿಯ ಬಿಸಿ ಮತ್ತು ಇಂಗಾಲಾಮ್ಲಕ್ಕೆ ಲೋಹ ಬಿಳಿ ಪುಡಿಯಾಗುತ್ತಿತ್ತು.

ಕೆಲಸಕ್ಕೆ ಮಾತ್ರ ಅದು ಬಹಳ ಚೆನ್ನಾಗಿತ್ತು, ಒಪ್ಪಬೇಕು. ಸೀಸ ಎಣ್ಣೆಯೊಂದಿಗೆ ಸೇರಿ ಸಾಬೂನಿನಂಥ ಸಂಯುಕ್ತವಾಗುತ್ತದೆ. ಪದರ ಗಟ್ಟಿಯಾಗಿಯೂ ಬಾಗುವಂತೆಯೂ ಉಳಿಯುತ್ತದೆ. ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವ ಹೊರಗಿನ ಕಿಟಕಿಗೆ ಬೇಕಾದದ್ದೇ ಅದು.

1904ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನ ಕಣ್ಣಿನ ವೈದ್ಯ ಜಾನ್ ಲಾಕ್‌ಹಾರ್ಟ್ ಗಿಬ್ಸನ್, ಮಕ್ಕಳ ಸೀಸದ ವಿಷಕ್ಕೆ ಕಾರಣ ಮನೆಯ ಜಗಲಿಯ ಕಟಕಟೆ ಎಂದು ತೋರಿಸಿದರು. ಬಿಸಿಲಿಗೆ ಬಣ್ಣ ಪುಡಿಯಾಗುತ್ತಿತ್ತು, ಪುಡಿ ಕೈಗೆ ಅಂಟುತ್ತಿತ್ತು, ಕೈ ಬಾಯಿಗೆ ಹೋಗುತ್ತಿತ್ತು. ಅಂದರೆ ತಕರಾರು ಹೊರಗಿನ ಬಣ್ಣದ್ದು. ಆದರೂ 1921ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಸೀಸದ ಬಿಳಿಯನ್ನು ನಿಷೇಧಿಸಿದ್ದು ಕಟ್ಟಡಗಳ ಒಳಗಡೆಗೆ! ಕಿಟಕಿಯ ಒಳಮೈಗೆ ಕಾನೂನು ಬಂತು, ಹೊರಮೈ ಹಾಗೇ ಉಳಿಯಿತು. ನನಗೆ ಇದು ಮರೆವು ಅನ್ನಿಸುವುದಿಲ್ಲ, ರಾಜಿ ಅನ್ನಿಸುತ್ತದೆ.

ನಮ್ಮಲ್ಲಿ ಮಾತು ಜೋರಾದದ್ದು ಬಹಳ ತಡವಾಗಿ. 1999ರಲ್ಲಿ ಸೀಸದ ವಿಷದ ಬಗ್ಗೆ ಬೆಂಗಳೂರಿನಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ನಿಯಮ ಬಂದದ್ದು 2016ರಲ್ಲಿ. ಜಾರಿಯಾದದ್ದು 2017ರ ನವೆಂಬರ್ 1ರಿಂದ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು.

ನಿಯಮ ಹೊಸ ಡಬ್ಬಿಗೆ. ಅಜ್ಜನ ಕಾಲದ ಕಿಟಕಿಯ ಮೇಲೆ ಕೂತಿರುವ ಏಳೆಂಟು ಪದರಗಳಿಗೆ ಅದು ಅನ್ವಯಿಸುವುದಿಲ್ಲ. ಪೇಂಟರ್ ಬಂದು ಒಣಗಿದ ಕಿಟಕಿಯನ್ನೇ ಸ್ಯಾಂಡ್ ಪೇಪರಿನಿಂದ ಉಜ್ಜಿದಾಗ ಏಳುವ ಧೂಳಿನಲ್ಲಿ ಆ ಹಳೆಯ ಸೀಸ ಇರಬಹುದು. ಮೊದಲು ಉಸಿರಾಡುವವನು ಅವನೇ. ನೀರು ಚಿಮುಕಿಸಿ ಹೆರೆಯಲು ಹೇಳಿ. ಬೆಂಕಿಯ ದೀಪದಿಂದ ಸುಡುವುದು ಬೇಡ, ಅದರ ಹೊಗೆ ಇನ್ನೂ ಕೆಟ್ಟದ್ದು. ಮಕ್ಕಳನ್ನು ಆಚೆ ಕಳಿಸಿ. ಕಸವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಲಿ. ಗಟ್ಟಿಯಾಗಿ ಅಂಟಿರುವ ಬಣ್ಣವನ್ನು ಪೂರ್ತಿ ಕೀಳುವ ಹಟ ಬೇಡ. ಒದ್ದೆಯಲ್ಲೇ ತುಸು ಒರಟು ಮಾಡಿದರೆ ಸಾಕು.

ಮರ ಪೂರ್ತಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ಪುಟ್ಟಿ. ತಿರುಗುಮುರುಗಾದರೆ ಬರಿ ಮರ ಪುಟ್ಟಿಯ ಎಣ್ಣೆ ಹೀರುತ್ತದೆ, ಪುಟ್ಟಿ ಉದುರುತ್ತದೆ. ಕೆಳಪಟ್ಟಿಯ ಕತ್ತರಿಸಿದ ತುದಿಗಳಿಗೆ ಇನ್ನೊಂದು ಕೈ ಹೆಚ್ಚಿಗೆ ಬಳಿಸಿ, ನೀರು ಮರದೊಳಗೆ ಇಳಿಯುವುದು ಅಲ್ಲಿಂದಲೇ.