ನಿಂತುಹೋಗುವ ಚಿತ್ರದ ಚರಿತ್ರೆ

೨೦೨೩ನೆಯ ಇಸವಿ ಆಗಸ್ಟ್ ೨೩ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಚಂದ್ರಯಾನ-೩ರ ನೌಕೆಯು ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿಯಿತು. ಆ ಹೊತ್ತಿನಲ್ಲಿ ಇಸ್ರೋ ಸಂಸ್ಥೆಯ ಯೂಟ್ಯೂಬ್ ನೇರ ಪ್ರಸಾರವನ್ನು ಏಕಕಾಲದಲ್ಲಿ ನೋಡುತ್ತಿದ್ದವರ ಸಂಖ್ಯೆ ೮೦ ಲಕ್ಷವನ್ನು ಮೀರಿತ್ತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ನಡೆದುದನ್ನು ಲೋಕದ ಯಾವ ಮೂಲೆಯಲ್ಲಿದ್ದವರೂ ಕಾಣುವಂತಾದುದು ಸಾಮಾನ್ಯ ಸಂಗತಿಯಲ್ಲ. ಆದರೆ ಇಂಥ ಹೊತ್ತಿನಲ್ಲಿಯೇ ತೆರೆಯ ನಡುವೆ ಸಣ್ಣದೊಂದು ಚಕ್ರವು ತಿರುಗತೊಡಗಿ, ಚಿತ್ರವು ಅಲ್ಲಿಗೇ ನಿಂತುಬಿಡುವುದೂ ಉಂಟು. ಪಕ್ಕದ ಮನೆಯ ಟೆಲಿವಿಷನ್ನಿನ ಮುಂದೆ ಚಪ್ಪಾಳೆಯಾಗಿ ಮುಗಿದಿರುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ನೌಕೆಯು ಇನ್ನೂ ಇಳಿಯುತ್ತಲೇ ಇರುತ್ತದೆ.

ಚಂದ್ರಯಾನವನ್ನಾದರೋ ಮರುದಿನ ಮತ್ತೆ ನೋಡಬಹುದು. ೨೦೨೦ರ ಮಾರ್ಚ್ ೨೫ರಿಂದ ದೇಶದಲ್ಲೆಲ್ಲ ಲಾಕ್‌ಡೌನ್ ಆದಾಗ ಎಷ್ಟೋ ಮನೆಗಳವರು ಮಕ್ಕಳ ಮಾಂಗಲ್ಯಧಾರಣೆಯನ್ನೂ ಹಿರಿಯರ ಅಂತ್ಯಸಂಸ್ಕಾರವನ್ನೂ ಬ್ರೌಸರಿನ ತೆರೆಯ ಮೇಲೆಯೇ ಕಂಡರು. ಅಂಥ ಗಳಿಗೆಯಲ್ಲಿ ಚಿತ್ರವು ನಿಂತರೆ ಉಂಟಾಗುವ ನೋವು ಅನುಭವಿಸಿದವರಿಗೇ ಗೊತ್ತು. ಆದುದರಿಂದ ಈ ಚಿತ್ರವು ಏಕೆ ನಿಲ್ಲುತ್ತದೆ, ನಿಂತಾಗ ಏನು ಮಾಡತಕ್ಕದ್ದು ಎಂಬುದನ್ನು ಅರಿಯುವುದು ಅವಶ್ಯಕ. ಅದನ್ನು ಅರಿಯಲು ಅದರ ಚರಿತ್ರೆಯೇ ಸುಲಭವಾದ ದಾರಿ. ಏಕೆಂದರೆ ಇಂದು ಕಾಣುವ ಒಂದೊಂದು ದೋಷದ ಮೂಲವೂ ಆ ಚರಿತ್ರೆಯ ಒಂದೊಂದು ಘಟ್ಟದಲ್ಲಿದೆ.

ರೇಡಿಯೋ ಕೇಳುವವರಿಗೆ ಮೊದಲು ಒಂದು ಭೇದವನ್ನು ಹೇಳಬೇಕು. ೧೯೩೫ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಪ್ರಸಾರವನ್ನು ಆರಂಭಿಸಿದಾಗ, ಹತ್ತು ಜನ ಕೇಳಿದರೂ ಹತ್ತು ಸಾವಿರ ಜನ ಕೇಳಿದರೂ ಅವರ ಯಂತ್ರಕ್ಕೆ ಹೆಚ್ಚಿನ ಭಾರವೇನೂ ಇರಲಿಲ್ಲ. ರೇಡಿಯೋ ಅಲೆಯು ಬೆಳುದಿಂಗಳಿನಂತೆ. ಒಬ್ಬನು ನೋಡಿದನೆಂದು ಮತ್ತೊಬ್ಬನ ಪಾಲಿಗೆ ಕಡಿಮೆಯಾಗುವುದಿಲ್ಲ. ಅಂತರ್ಜಾಲದ ರೀತಿಯೇ ಬೇರೆ. ಅದು ಅಂಚೆಯಂತೆ. ನೋಡುವ ಒಬ್ಬೊಬ್ಬರಿಗೂ ಒಂದೊಂದು ಪ್ರತಿಯನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಅವರವರ ಮನೆಬಾಗಿಲಿಗೆ ಮುಟ್ಟಿಸಬೇಕು. ದಾರಿಯಲ್ಲಿ ಒಂದು ಪೊಟ್ಟಣವು ಕಳೆದುಹೋದರೆ ಅದನ್ನು ಮತ್ತೆ ತರಿಸಬೇಕು. ಅಲ್ಲಿಯವರೆಗೆ ಹಿಂದಿನಿಂದ ಬಂದ ಪೊಟ್ಟಣಗಳು ಕಾದಿರಬೇಕು.

ಈ ಅಂಚೆಯ ಹಾದಿಯು ಕಿಕ್ಕಿರಿದರೆ ಏನಾಗುತ್ತದೆಂಬುದು ಬಲು ಹಿಂದೆಯೇ ಕಂಡುಬಂದಿತು. ೧೯೮೬ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅಲ್ಲಿಂದ ಕೇವಲ ೪೦೦ ಗಜ ದೂರದ ವಿಶ್ವವಿದ್ಯಾಲಯಕ್ಕೂ ನಡುವಣ ಸಂಪರ್ಕದ ವೇಗವು ಸೆಕೆಂಡಿಗೆ ೩೨,೦೦೦ ಬಿಟ್‌ಗಳಿಂದ ೪೦ ಬಿಟ್‌ಗಳಿಗೆ ಕುಸಿಯಿತು. ಉತ್ತರ ಬಾರದಿದ್ದಾಗ ಎಲ್ಲ ಯಂತ್ರಗಳೂ ಅದೇ ಪೊಟ್ಟಣವನ್ನು ಮತ್ತೆ ಮತ್ತೆ ಕಳುಹಿಸಿ ದಾರಿಯನ್ನು ಇನ್ನಷ್ಟು ಕಟ್ಟಿದುದೇ ಅದಕ್ಕೆ ಕಾರಣ. ವ್ಯಾನ್ ಜೇಕಬ್ಸನ್ ಎಂಬವರು ಇದನ್ನು ಶೋಧಿಸಿ, ಪೊಟ್ಟಣವು ಕಳೆದುಹೋದರೆ ಅದನ್ನು ದಟ್ಟಣೆಯ ಸೂಚನೆಯೆಂದು ಬಗೆದು ಕಳುಹಿಸುವವನು ತಾನೇ ವೇಗವನ್ನು ತಗ್ಗಿಸಬೇಕೆಂಬ ವಿಧಾನವನ್ನು ೧೯೮೮ರಲ್ಲಿ ಪ್ರಕಟಿಸಿದರು. ಅಂತರ್ಜಾಲವು ಇಂದಿಗೂ ಈ ಸಂಯಮದ ಮೇಲೆಯೇ ನಿಂತಿದೆ.

ಇನ್ನು ಚಿತ್ರದ ಮಾತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು, ಮಹಡಿ ಹತ್ತಿ ಹೋದ ಮೇಲೆ ಕಾಫಿಯ ಪಾತ್ರೆ ಬರಿದಾಗಿರುವುದನ್ನು ಕಂಡು ಬೇಸತ್ತು, ೧೯೯೧ರಲ್ಲಿ ಅದರ ಎದುರಿಗೆ ಒಂದು ಕ್ಯಾಮರಾ ಇಟ್ಟರು. ೧೯೯೩ರ ನವೆಂಬರಿನಲ್ಲಿ ಆ ಚಿತ್ರವು ವೆಬ್ ಬ್ರೌಸರಿನಲ್ಲಿ ಕಾಣುವಂತಾಯಿತು. ಅದೊಂದು ಬಣ್ಣವಿಲ್ಲದ, ಉದ್ದಗಲಗಳಲ್ಲಿ ೧೨೮ ಚುಕ್ಕಿಗಳ ಚಿತ್ರ. ನಿಮಿಷಕ್ಕೆ ಮೂರು ಸಲ ಬದಲಾಗುತ್ತಿತ್ತು. ಕಾಫಿ ಇದೆಯೋ ಇಲ್ಲವೋ ತಿಳಿಯಲು ಅಷ್ಟು ಸಾಕಾಗಿತ್ತು. ಆ ಕ್ಯಾಮರಾ ೨೦೦೧ರ ಆಗಸ್ಟ್ ೨೨ರವರೆಗೆ ಕೆಲಸ ಮಾಡಿತು.

ಅದೇ ೧೯೯೩ರ ಜೂನ್ ೨೪ರಂದು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ, ಕಂಪ್ಯೂಟರ್ ಕೆಲಸದವರೇ ಕಟ್ಟಿಕೊಂಡಿದ್ದ ‘ಸಿವಿಯರ್ ಟೈರ್ ಡ್ಯಾಮೇಜ್’ ಎಂಬ ವಾದ್ಯವೃಂದವು ನುಡಿಸಿದುದನ್ನು ಆಸ್ಟ್ರೇಲಿಯಾದಲ್ಲಿ ಕುಳಿತು ನೋಡಿದರು. ಇದು ನಡೆದುದು ಎಂಬೋನ್ ಎಂಬ ಪ್ರಯೋಗಜಾಲದ ಮೇಲೆ. ಅದರ ಉಪಾಯವು ನಾಲೆಯ ನೀರಿನಂತೆ ಇತ್ತು: ಮೂಲದಿಂದ ಒಂದೇ ಪ್ರವಾಹ, ಕವಲು ಬಂದಲ್ಲಿ ಮಾತ್ರ ಅದು ಎರಡಾಗುವುದು. ಈ ಪದ್ಧತಿಯು ರೇಡಿಯೋಗೆ ಹತ್ತಿರವಾದದ್ದು. ಆದರೆ ದಾರಿಯ ಪ್ರತಿಯೊಂದು ಕವಲಿನ ಒಡೆಯನೂ ಇದಕ್ಕೆ ಒಪ್ಪಿ ಏರ್ಪಾಡು ಮಾಡಬೇಕಾಗಿತ್ತು. ಸಾರ್ವಜನಿಕ ಅಂತರ್ಜಾಲದಲ್ಲಿ ಆ ಒಮ್ಮತ ಕೂಡಿಬರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪ್ರತಿ ಎಂಬ ದುಬಾರಿ ಪದ್ಧತಿಯೇ ಉಳಿಯಿತು.

೧೯೯೫ರಲ್ಲಿ ರಿಯಲ್ ಆಡಿಯೋ ಬಂದಿತು. ಆ ವರ್ಷದ ಸೆಪ್ಟೆಂಬರ್ ೫ರಂದು ಸಿಯಾಟಲ್ ಮತ್ತು ನ್ಯೂಯಾರ್ಕ್ ತಂಡಗಳ ಬೇಸ್‌ಬಾಲ್ ಪಂದ್ಯದ ವರದಿಯನ್ನು ಅದರ ಮೂಲಕ ನೇರವಾಗಿ ಕೇಳಿದರು. ೧೯೯೭ರಲ್ಲಿ ಅದೇ ಸಂಸ್ಥೆಯು ಚಿತ್ರವನ್ನೂ ತಂದಿತು. ಟೆಲಿಫೋನ್ ತಂತಿಯ ಮೂಲಕ ತಡೆತಡೆದು ಬರುವ ಪೊಟ್ಟಣಗಳನ್ನು ತಡೆಯಿಲ್ಲದೆ ತೋರಿಸಲು ಈ ಸಾಧನಗಳು ಅನುಸರಿಸಿದ ಉಪಾಯವೇ ಬಫರ್. ನಮ್ಮ ಊರುಗಳ ನಲ್ಲಿಯಲ್ಲಿ ನೀರು ಹೊತ್ತುಹೊತ್ತಿಗೆ ಮಾತ್ರ ಬಂದರೂ, ಮನೆಯ ಮೇಲಿನ ತೊಟ್ಟಿಯಲ್ಲಿ ತುಂಬಿಟ್ಟುಕೊಂಡರೆ ಕೊಳಾಯಿ ನಿಲ್ಲದೆ ಹರಿಯುವುದಷ್ಟೆ? ಬಫರ್ ಅಂಥ ತೊಟ್ಟಿ. ತಿರುಗುವ ಚಕ್ರವು ಕಂಡರೆ ತೊಟ್ಟಿ ಬರಿದಾಗಿದೆ ಎಂದೇ ಅರ್ಥ.

ಇಲ್ಲಿ ಒಂದು ಸೂಕ್ಷ್ಮವಿದೆ. ಹಿಂದೆಯೇ ಮುದ್ರಿಸಿದ ಚಲನಚಿತ್ರವಾದರೆ ಮುಂದಿನ ಹತ್ತು ನಿಮಿಷದ ಭಾಗವನ್ನು ಈಗಲೇ ತೊಟ್ಟಿಯಲ್ಲಿ ತುಂಬಿಡಬಹುದು. ನೇರ ಪ್ರಸಾರದಲ್ಲಿ ಅದು ಸಾಧ್ಯವಿಲ್ಲ. ಇನ್ನೂ ನಡೆಯದೆ ಇರುವುದನ್ನು ಯಾರು ತಾನೇ ತುಂಬಿಡಬಲ್ಲರು? ಆದುದರಿಂದಲೇ ಸಿನಿಮಾ ಸುಸೂತ್ರವಾಗಿ ನಡೆಯುವ ಕಂಪ್ಯೂಟರಿನಲ್ಲಿಯೇ ನೇರ ಪ್ರಸಾರವು ತಡವರಿಸುವುದು.

೧೯೯೮ರಲ್ಲಿ ಟಾಮ್ ಲೇಟನ್ ಮತ್ತು ಡೇನಿಯಲ್ ಲೆವಿನ್ ಎಂಬವರು ಅಕಮೈ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಎಲ್ಲರೂ ದೂರದ ಒಂದೇ ಉಗ್ರಾಣಕ್ಕೆ ನುಗ್ಗುವ ಬದಲು, ಊರೂರಿನ ಬಳಿ ಸರ್ವರುಗಳನ್ನಿಟ್ಟು ಅಲ್ಲಿಂದ ಹಂಚುವುದು ಇವರ ಕ್ರಮ. ೨೦೦೨ರ ಹೊತ್ತಿಗೆ ಫ್ಲ್ಯಾಶ್ ಎಂಬ ಜೋಡಣೆಯು ಬ್ರೌಸರಿನೊಳಗೇ ಚಿತ್ರವನ್ನು ತೋರಿಸತೊಡಗಿ ಬಹುಕಾಲ ಮೆರೆಯಿತು. ೨೦೨೦ರ ಡಿಸೆಂಬರ್ ೩೧ಕ್ಕೆ ಅದರ ಆಯುಸ್ಸು ಮುಗಿಯಿತು. ಆದಕಾರಣ ಯಾವುದಾದರೂ ಪುಟವು ‘ಚಿತ್ರ ನೋಡಲು ಫ್ಲ್ಯಾಶ್ ಹಾಕಿಕೊಳ್ಳಿ’ ಎಂದು ಕೇಳಿದರೆ, ಅದು ಕೈಬಿಟ್ಟ ಹಳೆಯ ಪುಟವಾಗಿರಬೇಕು, ಇಲ್ಲವೆ ಮೋಸದ್ದಾಗಿರಬೇಕು. ಹಾಕಿಕೊಳ್ಳತಕ್ಕದ್ದಲ್ಲ.

ಈಗಿನ ಪದ್ಧತಿಯು ೨೦೦೯ರಲ್ಲಿ ಆಪಲ್ ಸಂಸ್ಥೆಯು ತಂದ ಎಚ್‌ಎಲ್‌ಎಸ್‌ನಿಂದಲೂ, ೨೦೧೨ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಡ್ಯಾಶ್‌ನಿಂದಲೂ ರೂಢಿಗೆ ಬಂದಿತು. ನಡೆಯುತ್ತಿರುವ ಪ್ರಸಾರವನ್ನು ಕೆಲವು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕನ್ನೂ ಸ್ಫುಟ, ಮಧ್ಯಮ, ಮಸುಕು ಎಂಬಂತೆ ಹಲವು ದರ್ಜೆಗಳಲ್ಲಿ ಸಿದ್ಧಪಡಿಸಿ, ಪಟ್ಟಿ ಮಾಡಿ ಇಡುತ್ತಾರೆ. ಬ್ರೌಸರು ದಾರಿಯ ಸ್ಥಿತಿಯನ್ನು ನೋಡಿ ತನಗೆ ಸಲ್ಲುವ ದರ್ಜೆಯನ್ನು ಆರಿಸಿಕೊಳ್ಳುತ್ತದೆ. ಆಪಲ್ ಮೊದಲಿಗೆ ಸೂಚಿಸಿದ ತುಣುಕು ೧೦ ಸೆಕೆಂಡಿನದು. ಅಂಥ ಮೂರು ತುಣುಕು ಕೈಯಲ್ಲಿದ್ದ ಮೇಲೆ ಚಿತ್ರ ಆರಂಭವಾದರೆ ಅರ್ಧ ನಿಮಿಷ ತಡವಾದಂತಾಯಿತು. ನೆರೆಮನೆಯ ಚಪ್ಪಾಳೆ ಮೊದಲೇ ಕೇಳಿಸುವುದರ ಗುಟ್ಟು ಇದೇ, ಅದು ದೋಷವಲ್ಲ. ಮುಂದೆ ತುಣುಕುಗಳು ಚಿಕ್ಕದಾಗಿ ಈ ಅಂತರವೂ ಕುಗ್ಗುತ್ತ ಬಂದಿದೆ.

ಈ ಚರಿತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಚಿಕಿತ್ಸೆಯ ಕ್ರಮವು ತಾನಾಗಿ ತಿಳಿಯುತ್ತದೆ. ವೈದ್ಯನು ಮದ್ದು ಕೊಡುವುದಕ್ಕೆ ಮೊದಲು ನಾಡಿ ನೋಡುವಂತೆ, ಮೊದಲು ಲಕ್ಷಣವನ್ನು ನೋಡಬೇಕು. ಚಿತ್ರವೂ ಧ್ವನಿಯೂ ಒಟ್ಟಿಗೆ ನಿಂತು ಚಕ್ರ ತಿರುಗಿದರೆ ತೊಂದರೆಯು ದಾರಿಯಲ್ಲಿದೆ. ಧ್ವನಿಯು ಸರಾಗವಾಗಿ ಬರುತ್ತಾ ಚಿತ್ರವು ಮಾತ್ರ ಕುಪ್ಪಳಿಸಿದರೆ, ತುಣುಕುಗಳು ಬಂದು ತಲಪಿವೆ, ಅವನ್ನು ಬಿಡಿಸಲು ನಮ್ಮ ಯಂತ್ರಕ್ಕೆ ಶಕ್ತಿ ಸಾಲದು ಎಂದು ಬಗೆಯಬೇಕು. ಧ್ವನಿಯು ಇಲ್ಲವೇ ಇಲ್ಲವಾದರೆ ಮೊದಲು ಚಿತ್ರದ ಮೇಲಿನ ಧ್ವನಿಯ ಗುರುತನ್ನು ಒತ್ತಿ ನೋಡಬೇಕು. ೨೦೧೮ರಿಂದ ಕ್ರೋಮ್ ಬ್ರೌಸರು, ನೋಡುವವರು ಮುಟ್ಟದ ಹೊರತು ಧ್ವನಿಯಿರುವ ಚಿತ್ರವು ತಾನಾಗಿ ಆರಂಭವಾಗದಂತೆ ನಿರ್ಬಂಧಿಸಿದೆ. ಹೀಗಾಗಿ ಅನೇಕ ಪುಟಗಳು ಮೂಕವಾಗಿಯೇ ಆರಂಭವಾಗುತ್ತವೆ.

ತೊಂದರೆಯು ದಾರಿಯಲ್ಲಿದ್ದರೆ ಬೇರೊಂದು ನೇರ ಪ್ರಸಾರವನ್ನು ತೆರೆದು ನೋಡಿ. ಅದು ಚೆನ್ನಾಗಿ ಬಂದರೆ ದೋಷವು ಬಹುಮಟ್ಟಿಗೆ ಕಳುಹಿಸುವವರ ಕಡೆಯದು. ನಾವು ಪರದಾಡಿ ಫಲವಿಲ್ಲ. ಅದೂ ನಿಂತರೆ ನಮ್ಮ ಮನೆಯ ಸಂಪರ್ಕವನ್ನು ನೋಡಬೇಕು: ವೈಫೈ ಪೆಟ್ಟಿಗೆಯ ಹತ್ತಿರಕ್ಕೆ ಬರುವುದು, ಸಾಧ್ಯವಿದ್ದರೆ ತಂತಿಯನ್ನೇ ಜೋಡಿಸುವುದು, ಮನೆಯ ಇತರ ಫೋನುಗಳಲ್ಲಿ ನಡೆಯುತ್ತಿರುವ ಚಿತ್ರಗಳನ್ನು ನಿಲ್ಲಿಸುವುದು. ಅನಂತರ ಚಿತ್ರದ ದರ್ಜೆಯನ್ನು ಕೈಯಾರೆ ಒಂದೆರಡು ಮೆಟ್ಟಿಲು ಇಳಿಸಬೇಕು. ಹಿಂದಕ್ಕೆ ಸರಿಸಿ ನೋಡಲು ಅವಕಾಶವಿರುವ ಪ್ರಸಾರವಾದರೆ, ಅರ್ಧ ನಿಮಿಷ ನಿಲ್ಲಿಸಿ ಮತ್ತೆ ಹೊರಡಿಸಿದರೆ ತೊಟ್ಟಿಯಲ್ಲಿ ಅಷ್ಟು ನೀರು ನಿಂತಿರುತ್ತದೆ. ನಾವು ಸ್ವಲ್ಪ ಹಿಂದೆ ಉಳಿಯುತ್ತೇವೆ, ಆದರೆ ತಡೆಯಿಲ್ಲದೆ ನೋಡುತ್ತೇವೆ.

ತೊಂದರೆಯು ನಮ್ಮ ಯಂತ್ರದಲ್ಲಿದ್ದರೆ ಬೇಡದ ಪುಟಗಳನ್ನು ಮುಚ್ಚಿ, ಬ್ರೌಸರನ್ನು ಹೊಸದಾಗಿಸಿ, ಇಲ್ಲಿಯೂ ದರ್ಜೆಯನ್ನು ಇಳಿಸಬೇಕು. ಚಿತ್ರವು ಕಪ್ಪಾಗಿ ಧ್ವನಿ ಮಾತ್ರ ಬಂದರೆ, ಸೆಟಿಂಗ್ಸ್‌ನಲ್ಲಿರುವ ‘ಹಾರ್ಡ್‌ವೇರ್ ಆಕ್ಸಿಲರೇಷನ್’ ಎಂಬುದನ್ನು ಬದಲಿಸಿ ನೋಡಬಹುದು. ಏನೂ ತೆರೆಯದಿದ್ದರೆ ಖಾಸಗಿ ಕಿಟಕಿಯಲ್ಲಿ ಅದೇ ಪುಟವನ್ನು ತೆರೆದು ನೋಡಿ. ಅಲ್ಲಿ ಚಿತ್ರ ಬಂದರೆ ಜಾಹೀರಾತು ತಡೆಯುವಂಥ ಜೋಡಣೆಯೊಂದು ತುಣುಕುಗಳನ್ನೂ ತಡೆಯುತ್ತಿರಬಹುದು. ಕಂಪ್ಯೂಟರಿನ ಗಡಿಯಾರವನ್ನೂ ಪರೀಕ್ಷಿಸಿ. ಗಡಿಯಾರವು ತಪ್ಪಿದ್ದರೆ ಪುಟದ ಭದ್ರತಾಪತ್ರವನ್ನು ಬ್ರೌಸರು ಒಪ್ಪದೆ ಹೋಗಬಹುದು; ಡ್ಯಾಶ್ ಪದ್ಧತಿಯಲ್ಲಿ ಈಗ ಯಾವ ತುಣುಕು ಸಿದ್ಧವಿರಬೇಕೆಂಬ ಲೆಕ್ಕವೂ ಗಡಿಯಾರವನ್ನೇ ಆಶ್ರಯಿಸಿದೆ.

ಮಾಡಬಾರದ ಕೆಲಸವೊಂದಿದೆ. ಚಿತ್ರ ನಿಂತೊಡನೆ ಪುಟವನ್ನು ಮತ್ತೆ ಮತ್ತೆ ಹೊಸದಾಗಿ ತೆರೆಯುವುದು ಎಲ್ಲರ ಅಭ್ಯಾಸ. ಒಮ್ಮೆ ತೆರೆದು ನೋಡುವುದು ಸರಿ. ಪದೇ ಪದೇ ಮಾಡಿದರೆ ಅರೆ ತುಂಬಿದ ತೊಟ್ಟಿಯನ್ನು ನಾವೇ ಬರಿದು ಮಾಡಿದಂತಾಗುತ್ತದೆ. ಸಾವಿರಾರು ಜನ ಒಟ್ಟಿಗೆ ಮಾಡಿದರೆ ೧೯೮೬ರ ಆ ೪೦೦ ಗಜದ ಕತೆಯೇ ಮರುಕಳಿಸುತ್ತದೆ. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ೨೦೨೦ರ ಮಾರ್ಚ್ ತಿಂಗಳಲ್ಲಿ ದೇಶವೇ ಮನೆಯೊಳಗೆ ಕುಳಿತಾಗ, ಚಿತ್ರಪ್ರಸಾರದ ಸಂಸ್ಥೆಗಳು ಮೊಬೈಲ್ ಜಾಲಗಳ ಮೇಲೆ ತಮ್ಮ ಚಿತ್ರದ ದರ್ಜೆಯನ್ನು ೪೮೦ ಗೆರೆಗಳಿಗೆ ಇಳಿಸಲು ಒಪ್ಪಿದವು. ಒಬ್ಬೊಬ್ಬರೂ ಅಷ್ಟಿಷ್ಟು ಸ್ಫುಟತೆಯನ್ನು ಬಿಟ್ಟುಕೊಟ್ಟರೆ ಎಲ್ಲರಿಗೂ ದಾರಿ ತೆರೆದಿರುತ್ತದೆ ಎಂಬುದೇ ಅದರ ತಾತ್ಪರ್ಯ.

ಆದುದರಿಂದ ದೂರದಲ್ಲಿರುವ ಮಗಳ ಮದುವೆಯನ್ನೋ ಮೊಮ್ಮಗನ ಅರಂಗೇಟ್ರವನ್ನೋ ತೆರೆಯ ಮೇಲೆ ನೋಡುವುದಿದ್ದರೆ, ಮುಹೂರ್ತಕ್ಕೆ ಅರ್ಧ ಗಂಟೆ ಮೊದಲೇ ಪುಟವನ್ನು ತೆರೆದು, ಧ್ವನಿಯನ್ನು ಪರೀಕ್ಷಿಸಿ, ದರ್ಜೆಯನ್ನು ಮಧ್ಯಮಕ್ಕೆ ಇರಿಸಿಕೊಳ್ಳಿ. ತಾಳಿ ಕಟ್ಟುವ ಹೊತ್ತಿನಲ್ಲಿ ಸೀರೆಯ ಅಂಚಿನ ಕಸೂತಿಯು ಸ್ವಲ್ಪ ಮಸುಕಾಗಿ ಕಂಡರೂ ಚಿಂತೆಯಿಲ್ಲ, ಚಿತ್ರವು ನಿಲ್ಲದೆ ನಡೆದರೆ ಸಾಕು.